ಜಗದೇವಪ್ಪನವರ ಪಾಂಡಿತ್ಯವೂ ಸೂಜಿಯಿಲ್ಲದ ಸ್ಕ್ಯಾನೂ

ಶಹಾಪುರದ ಜಗದೇವಪ್ಪನವರು ಯಾರನ್ನೂ ಬರಿಗೈಯಲ್ಲಿ ಕಳುಹಿಸಿದವರಲ್ಲ. ಕಾಲುವೆ ಬಂದು ಭತ್ತದ ಗದ್ದೆಗಳು ಹಬ್ಬಿದಂದಿನಿಂದ ಅವರ ಕ್ರಿಮಿನಾಶಕದ ಅಂಗಡಿಯ ಕಟ್ಟೆಯೇ ಸುತ್ತಲಿನ ಹಳ್ಳಿಗಳಿಗೆ ನ್ಯಾಯಪೀಠ. ರೈತನೊಬ್ಬ ಹಳದಿಗಟ್ಟಿದ ಎಲೆ ತಂದರೆ ಬಾಟಲಿ ಇಳಿಸುವರು. ನೀರು ನಿಂತು ಬೇರು ಕೊಳೆತಿದೆಯೆಂದರೂ ಬಾಟಲಿಯೇ. ಔಷಧದ ನೀರಿಲ್ಲದ ವಿದ್ಯೆ ವಿದ್ಯೆಯೇ ಅಲ್ಲವೆಂಬುದು ಅವರ ಮೂವತ್ತು ವರ್ಷಗಳ ತಪಸ್ಸಿನ ಫಲ. ಹಣೆಯ ವಿಭೂತಿಯೂ ಅಗಲವಾದುದೇ. ಆದರೆ ಅಹಂಕಾರವನ್ನು ಮುಚ್ಚಲು ಅಷ್ಟು ಅಗಲವೂ ಸಾಲದು.

ಅವರ ಅಕ್ಕ ಗೊಲ್ಲಾಳಮ್ಮನಿಗೆ ಫಿಟ್ಸ್ ಬಂದು ಎಡಗೈ ಸೋತಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಮೆದುಳಿನ ಗಡ್ಡೆ ಕಾಣಿಸಿತು. ಸಕ್ಕರೆ ಕಾಯಿಲೆಯಿಂದ ಆಕೆಯ ಮೂತ್ರಪಿಂಡಗಳು ಮೊದಲೇ ಸೊರಗಿದ್ದವು.

“ಗಡ್ಡಿ ಎದ್ದು ಕಾಣ್ಲಿ ಅಂತ ನರಕ್ಕ ಏರಸೋ ಸೂಜಿ ಔಷಧ ಇಲ್ಲದೇ ಸ್ಕ್ಯಾನ್ ಮಾಡೀವ್ರಿ,” ಎಂದರು ಡಾಕ್ಟರಮ್ಮ. “ಕುತ್ತಿಗ್ಯಾಗ ಹರಿಯೋ ರಕ್ತದೊಳಗಿನ ನೀರಿಗೇ ಅಯಸ್ಕಾಂತದಿಂದ ಗುರುತು ಹಾಕ್ತೀವಿ. ಅದು ಗಡ್ಡಿಗೆ ಎಷ್ಟು ಮುಟ್ಟತದ ಅಂತ ಮಷಿನ್ ತೋರಸ್ತದ. ಜೋರಾಗಿ ಬೆಳಿಯೋ ಗಡ್ಡಿ ರಕ್ತ ಭಾಳ ಎಳಕೊಳ್ತದ. ಇದು ಕಡಿಮಿ ಎಳದದ. ನಿಧಾನ ಬೆಳಿಯೋ ಜಾತಿದು ಇರಬಹುದು. ಗಡ್ಡಿದೊಂದು ಚೂರು ತಗದು ನೋಡಿ ಖಾತ್ರಿ ಮಾಡೋಣು. ಆ ಸೂಜಿ ಔಷಧ ಮಾತ್ರ ಬ್ಯಾಡ್ರಿ. ಇವರ ಕಿಡ್ನಿ ಅದನ್ನ ಹೊರಗ ಹಾಕಂಗಿಲ್ಲ. ಮೈಯಾಗ ಉಳದರ ಅಪಾಯ.”

ಜಗದೇವಪ್ಪನವರು ಮುಗುಳ್ನಕ್ಕರು. ಸೂಜಿ ಚುಚ್ಚದ ವೈದ್ಯರಿಗೆ ಅವರು ಎಂದೂ ಕೈಮುಗಿದವರಲ್ಲ.

“ಅಕ್ಕಾ, ಅದು ಬಡವರಿಗಂತ ಇಟ್ಟ ಸ್ಕ್ಯಾನ್. ಖರೇ ಸ್ಕ್ಯಾನ್ ನಾ ಮಾಡಸ್ತೀನಿ, ನಡಿ.”

ಮರುದಿನ ಖಾಸಗಿ ಸ್ಕ್ಯಾನ್ ಕೇಂದ್ರವೊಂದರಲ್ಲಿ ಅರ್ಜಿ ಅವರ ಕೈಗೆ ಬಂದಿತು. ಮೂತ್ರಪಿಂಡದ ತೊಂದರೆ ಉಂಟೇ ಎಂಬ ಪ್ರಶ್ನೆಗೆ ಅವರು ದಪ್ಪಕ್ಷರದಲ್ಲಿ ‘ಇಲ್ಲ’ ಎಂದು ಬರೆದರು. ಉಂಟೆಂದರೆ ಔಷಧ ಹಾಕಲಾರರೆಂಬುದು ಅವರಿಗೆ ತಿಳಿದಿತ್ತು. ಅಕ್ಕನ ಜೀವಕ್ಕಿಂತ ತಮ್ಮ ಮಾತು ಗೆಲ್ಲುವುದೇ ಆ ಗಳಿಗೆಯಲ್ಲಿ ಅವರಿಗೆ ದೊಡ್ಡದಾಗಿತ್ತು.

ಒಳಗೆ ಸ್ಕ್ಯಾನ್ ಮಾಡುವ ಶರೀಫಸಾಬ, ಸೂಜಿ ಏರಿಸುವ ಮುನ್ನ ಅರ್ಜಿಯನ್ನು ರೋಗಿಗೇ ಗಟ್ಟಿಯಾಗಿ ಓದಿ ಹೇಳುವ ರೂಢಿಯವನು. ಜಗದೇವಪ್ಪನವರು ಬಾಗಿಲಲ್ಲೇ ನಿಂತಿದ್ದರು.

“ಕಿಡ್ನಿ ತ್ರಾಸ ಏನೂ ಇಲ್ಲ, ಹೌದಲ್ರಿ ಅವ್ವಾ?”

ಗೊಲ್ಲಾಳಮ್ಮ ತಲೆಯೆತ್ತಿದಳು. “ಯಾರ್ ಬರದಾರಪ್ಪಾ ಅದನ್ನ?”

“ನಿಮ್ಮ ತಮ್ಮಾರ್ರಿ.”

“ಅವ ಹುಳಕ್ಕ ಔಷಧ ಮಾರಾಂವ. ನನ್ನೂ ಹುಳ ಅಂತ ತಿಳದಾನ! ನನ್ನ ಕಿಡ್ನಿ ಕೆಟ್ಟು ಎರಡು ವರ್ಷ ಆತು. ತಗಿ ಆ ಸೂಜಿ.”

ಶರೀಫಸಾಬನು ಸೂಜಿಯನ್ನು ಬದಿಗಿಟ್ಟು ಅರ್ಜಿಯ ಮೇಲೆ ಅಡ್ಡಗೆರೆ ಎಳೆದನು.

“ಅವರು ಕೇಳ್ತಾರೋ ಇಲ್ಲೋ ಅಂತ ಪರೀಕ್ಷಾ ಮಾಡಿದ್ನಕ್ಕಾ,” ಎಂದರು ಜಗದೇವಪ್ಪನವರು, ಮುಖ ಒರೆಸಿಕೊಳ್ಳುತ್ತ.

“ಏ ಜಗ್ಯಾ, ಸ್ಕ್ಯಾನ್ ನಿನ್ನ ತಲಿಗೆ ಮಾಡಸಬೇಕಾಗಿತ್ತು. ಏನರ ಅದನೋ ಇಲ್ಲೋ ಅಂತ ಗೊತ್ತಾಗ್ತಿತ್ತು. ಡಾಕ್ಟರಮ್ಮನ ಕಡಿ ನಡಿ, ಚೂರು ತಗಸ್ಕೊಂತೀನಿ.”

ಸಂಜೆಯ ಹೊತ್ತಿಗೆ ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ಚೂರು ತೆಗೆಯುವುದಕ್ಕೆ ಒಪ್ಪಿಗೆ ಪತ್ರ ಮುಂದೆ ಬಂದಾಗ ಜಗದೇವಪ್ಪನವರು ರೂಢಿಯಂತೆ ಪೆನ್ನು ತೆಗೆದರು. ಗೊಲ್ಲಾಳಮ್ಮ ಅದನ್ನು ಬಲಗೈಯಿಂದ ಕಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರನ್ನು ತಾನೇ ಬರೆದು, ತಮ್ಮನಿಗೆ ಹೊರಗಿನ ಬೆಂಚು ತೋರಿಸಿದಳು.

ಅವರು ಹೋಗಿ ಕುಳಿತರು. ಪಕ್ಕದಲ್ಲಿ ಕೆಮ್ಮುತ್ತಿದ್ದ ಅಪರಿಚಿತನತ್ತ ಒಮ್ಮೆ ನೋಡಿ, ಗಂಟಲು ಸರಿಪಡಿಸಿಕೊಂಡು, ಅವನಿಗೆ ಯಾವ ಸೂಜಿ ಬೇಕೆಂಬುದನ್ನು ವಿವರಿಸತೊಡಗಿದರು.