ಲತಾಮಣಿಯ ಮೂಗು, ಮೊಮ್ಮಗುವಿನ ಬೊಂತೆ

ದೇವರು ಮೊದಲು ಮೂಗೊಂದನ್ನು ಮಾಡಿ, ಆಮೇಲೆ ಅದಕ್ಕೆ ಮೈ ಅಂಟಿಸಿ ಲತಾಮಣಿ ಎಂದು ಹೆಸರಿಟ್ಟ. ಹೀಗೆಂದು ಹೇಳುತ್ತಿದ್ದವಳು ಅವಳ ಅತ್ತೆ, ಅಕ್ಕೂರಿನ ವೆಂಕಟಲಕ್ಷ್ಮಮ್ಮ. ಮುದುಕಿಯ ಮಾತಿನಲ್ಲಿ ತೀರಾ ಸುಳ್ಳೇನೂ ಇರಲಿಲ್ಲ. ಬೇರೆಯವರ ಮನೆಯ ಲೋಟಕ್ಕೆ ಲತಾಮಣಿ ಬಾಯಿ ಹಚ್ಚಿದವಳಲ್ಲ. ಗಾರ್ಮೆಂಟ್ಸ್ ವ್ಯಾನಿನ ಸೀಟಿನ ಮೇಲೆ ತನ್ನದೇ ಟವೆಲ್ಲು ಹಾಸದೆ ಕೂತವಳಲ್ಲ. ಬೆಳಿಗ್ಗೆ ಪಕ್ಕದವಳ ತಲೆಯ ಎಣ್ಣೆ ಕಮಟು ಬಡಿದರೆ ಮಧ್ಯಾಹ್ನ ಅವಳಿಗೆ ಮುದ್ದೆ ಇಳಿಯುತ್ತಿರಲಿಲ್ಲ.

ಆ ವ್ಯಾನು ಊರಿಗೆ ಬರತೊಡಗಿದ್ದು ಎರಡು ಸಾವಿರದ ಮೂರು ನಾಲ್ಕರ ಸುಮಾರಿಗೆ. ಬೆಂಗಳೂರಿನ ಕಾರ್ಖಾನೆಗಳು ಹೆದ್ದಾರಿ ಹಿಡಿದು ಬಿಡದಿ ದಾಟಿ ರಾಮನಗರದ ಹೊರಗೆ ತಗಡಿನ ಶೆಡ್ಡು ಎಬ್ಬಿಸಿದವು. ಅಲ್ಲಿಯವರೆಗೆ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಹೊರಟರು. ಲತಾಮಣಿ ಅಲ್ಲಿ ಶರ್ಟಿಗೆ ಕಾಲರ್ ಕೂರಿಸುವವಳು. ತೋಳಲ್ಲ, ಜೇಬಲ್ಲ, ಬೆಳಗಿನಿಂದ ಸಂಜೆವರೆಗೆ ಬರೀ ಕಾಲರ್. ಹೊಸ ಬಟ್ಟೆಯ ಗಂಜಿ ವಾಸನೆ, ಇಸ್ತ್ರಿಯ ಬಿಸಿ ಹಬೆ. ಭೂಮಿಯ ಮೇಲೆ ಅವಳ ಮೂಗಿಗೆ ಒಗ್ಗಿದ ಜಾಗ ಅದೊಂದೇ.

ಹೀಗಿರುವಾಗ ಮಗಳು ರಮ್ಯಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆ ಮನೆಯಲ್ಲೊಂದು ಪದ್ಧತಿ. ಚೊಚ್ಚಲ ಮಗುವನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಹಿರಿಯ ಹೆಂಗಸು ಉಟ್ಟು ಸವೆಸಿದ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೈಯಲ್ಲಿ ಹೊಲಿದ ಬೊಂತೆಯೇ ಅದರ ಮೊದಲ ಹಾಸಿಗೆ. ಹೊಲಿಯಬೇಕಾದವಳು ತಾಯಿಯ ತಾಯಿ, ಎಂದರೆ ಲತಾಮಣಿ. ಕಣ್ಣು ಮಂಜಾಗಿದ್ದ ವೆಂಕಟಲಕ್ಷ್ಮಮ್ಮ ತಡವಿಕೊಂಡು ಹೋಗಿ ತನ್ನ ಟ್ರಂಕು ತೆಗೆದಳು.

ಟ್ರಂಕಿನ ಬಾಯಿ ತೆರೆದದ್ದೇ ಲತಾಮಣಿ ಹಿಂದಕ್ಕೆ ಸರಿದಳು. ಎಲೆಯಡಿಕೆಯ ಜೊತೆ ಅತ್ತೆ ಜಗಿಯುವ ಕಡ್ಡಿಪುಡಿಯ ಘಾಟು, ಒಲೆಯ ಹೊಗೆ, ರೇಷ್ಮೆ ಹುಳದ ಮನೆಯಲ್ಲಿ ಸುರಿಸಿದ ಹಳೇ ಬೆವರು, ಜಿರಲೆಯ ಹಿಕ್ಕೆ. ಒಂದು ಸೀರೆಯ ಸೆರಗಿನ ತುದಿ ಕಡ್ಡಿಯಂತೆ ಸೆಟೆದಿತ್ತು. ಅದು ಯಾವ ಕಾಲದ ಸಿಂಬಳವೋ!

"ಇದರ ಮೇಲಾ ಅತ್ತೆ ಮಗು ಮಲಗಿಸೋದು?"

"ನಿನ್ನ ಗಂಡನ್ನೂ ಇಂಥದ್ರ ಮೇಲೇ ಮಲಗಿಸಿದ್ದು. ಕೆಟ್ಟೋಗವನಾ?"

"ಕೆಟ್ಟಿಲ್ಲ. ಆದ್ರೆ ಸ್ನಾನ ಅಂದ್ರೆ ಇವತ್ತಿಗೂ ಗದ್ದೆ ಕಡೆ ಓಡ್ತಾರೆ."

"ಹೊಸ ಬಟ್ಟೆ ಎಳೇ ಮೈಯ ಕೆರೀತದೆ ಕಣವ್ವ. ಸವೆದದ್ದು ಮೆತ್ತಗಿರ್ತದೆ."

"ಇದು ಸವೆದದ್ದಲ್ಲ ಅತ್ತೆ, ಕೊಳೆತದ್ದು."

ತನ್ನ ಮೊಮ್ಮಗು ಈ ಲೋಕದಲ್ಲಿ ಮೊದಲು ಮೂಸುವುದು ಮುದುಕಿಯ ಕಡ್ಡಿಪುಡಿಯನ್ನಲ್ಲ ಎಂದು ಲತಾಮಣಿ ಅಂದೇ ಹಟ ಹಿಡಿದಳು. ಬೊಂತೆ ಹೊಲಿದು ಅವಳಿಗೆ ಗೊತ್ತಿರಲಿಲ್ಲ, ಆದರೆ ಹೊಲಿಗೆ ಗೊತ್ತಿತ್ತಲ್ಲ. ಬಿಳಿ ಪಾಪ್ಲಿನ್ ಬಟ್ಟೆ ತಂದಳು. ಒಳಗೆ ತುಂಬಲು ಮೆತ್ತಗಿನದೇನಾದರೂ ಬೇಕು. ಅವಳ ಲೈನಿನಲ್ಲೇ ಕಾಜ ಹೊಲಿಯುತ್ತಿದ್ದ ಬದ್ರುನ್ನೀಸಾಳ ಮನೆಯಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕಸುಬು. ನೂಲು ತೆಗೆದ ಮೇಲೆ ಉಳಿಯುವ ಸಿಕ್ಕು ಎಳೆಗಳನ್ನು ಅವಳು ಒಂದು ಚೀಲ ತಂದುಕೊಟ್ಟಳು.

"ಅಕ್ಕಾ, ಹಂಗೇ ತುಂಬ್ಬೇಡ. ಸೋಡಾ ಹಾಕಿ ಚೆನ್ನಾಗಿ ಕುದಿಸ್ಬೇಕು."

"ರೇಷ್ಮೆ ಕಣೇ ಇದು. ರೇಷ್ಮೆಗೆಂಥ ಮೈಲಿಗೆ?"

ರೇಷ್ಮೆ ಉಟ್ಟರೆ ಮಡಿ ಎಂದು ಕೇಳಿಕೊಂಡು ಬೆಳೆದವಳು ಅವಳು. ಹುಳ ಸಾಕುವ ಮನೆಯವರು ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬರುತ್ತಾರೆಯೇ ಹೊರತು, ಆಮೇಲೆ ಬಿಸಿನೀರಿನ ಬಾಣಲೆಯಲ್ಲಿ ಅದರ ಗತಿ ಏನಾಗುತ್ತದೆಂದು ನಿಂತು ನೋಡುವುದಿಲ್ಲ. ಆದರೂ ಆ ಎಳೆಗಳಲ್ಲಿ ಒಂದು ಹಿಡಿ ತೆಗೆದು ನೀರಿಗೆ ಹಾಕಿ ನೋಡಿದಳು. ಅದು ಮುದ್ದೆಗಟ್ಟಿ ಗಂಟಾಯಿತು. ಉಳಿದದ್ದನ್ನು ತೊಳೆಯುವ ಆಸೆ ಬಿಟ್ಟು, ಕಣ್ಣಿಗೆ ಕಂಡ ಕಪ್ಪು ಚೂರುಗಳನ್ನು ಆರಿಸಿ, ಬಿಸಿಲಿಗೆ ಹರವಿ, ನುಸಿಗುಳಿಗೆ ಹಾಕಿ ಮುಚ್ಚಿಟ್ಟಳು. ನುಸಿಗುಳಿಗೆಯ ಘಾಟಿನ ಮುಂದೆ ಬೇರೆ ಯಾವ ವಾಸನೆಯೂ ಅವಳ ಮೂಗಿಗೆ ಹತ್ತಲಿಲ್ಲ.

ಮನೆಯ ಮೆಷಿನ್ನಿನಲ್ಲಿ ಚೌಕ ಚೌಕವಾಗಿ ಹೊಲಿದ ಬೊಂತೆ ಅಂಗಡಿಯ ಗಾಜಿನ ಹಿಂದಿಡುವಂತಿತ್ತು. ಮುದುಕಿ ಕೈಯಾಡಿಸಿ, "ಚಪ್ಪಡಿ ಕಲ್ಲಂಗೈತೆ," ಎಂದಳು. ಲತಾಮಣಿ ಗುಳಿಗೆಗಳನ್ನೆಲ್ಲ ತೆಗೆದುಹಾಕಿ ಬೊಂತೆಯನ್ನು ಬಾಣಂತಿ ಕೋಣೆಯ ಚಾಪೆಯ ಮೇಲೆ ಹಾಸಿಟ್ಟಳು.

ಚನ್ನಪಟ್ಟಣದ ಆಸ್ಪತ್ರೆಯಲ್ಲಿ ರಮ್ಯಾ ಹೆಣ್ಣು ಹೆತ್ತಳು. ಎರಡೂ ಜೀವ ನೆಮ್ಮದಿ. ನಾಳೆ ಸಂಜೆ ಮನೆಗೆ ಕಳಿಸುತ್ತಾರೆ ಎಂದಾಗ ಲತಾಮಣಿ ಮನೆ ಸಾರಿಸಲು ಓಡಿಬಂದಳು. ಬಾಗಿಲಲ್ಲೇ ಅತ್ತೆ ಹೇಳಿದಳು: "ಅಟ್ಟದ ಮೇಲೆ ಇಲಿ ಸತ್ತೈತೇನೋ ನೋಡವ್ವ. ಉಸಿರಾಡೋಕಾಗಕಿಲ್ಲ."

ಲತಾಮಣಿಗೂ ಬಡಿಯಿತು. ಅಟ್ಟ ಜಾಲಾಡಿದಳು, ಮೂಲೆಮೂಲೆಗೆ ಫಿನಾಯಿಲು ಸುರಿದಳು. ಕೊನೆಗೆ ಮೂಗು ಅವಳನ್ನು ಬಾಣಂತಿ ಕೋಣೆಗೆ ಎಳೆದೊಯ್ದಿತು. ಗೋಡೆಯ ಬಿರುಕಿನಿಂದ ಹೊರಟ ಕೆಂಪಿರುವೆಯ ಸಾಲು ನೇರ ಬೊಂತೆಯ ಹೊಲಿಗೆಯೊಳಗೆ ಇಳಿಯುತ್ತಿತ್ತು. ಬಿಳಿ ಬಟ್ಟೆಯ ಮೇಲೆ ಅಲ್ಲಲ್ಲಿ ಎಣ್ಣೆಯಂಥ ಹಳದಿ ಕಲೆ. ಬ್ಲೇಡಿನಿಂದ ಒಂದು ಚೌಕ ಸೀಳಿದಳು. ಎಳೆಗಳ ನಡುವೆ ಬೆಂದು, ಕೊಳೆತು, ಮೆಷಿನ್ನಿನ ಹಲ್ಲಿಗೆ ಸಿಕ್ಕಿ ಅಪ್ಪಚ್ಚಿಯಾದ ಹುಳಗಳು. ಬೆರಳಿಗೆ ಜಿಡ್ಡು ಹತ್ತಿತು. ಲತಾಮಣಿ ಹಿತ್ತಿಲಿಗೆ ಓಡಿ ಬಾಳೆಗಿಡದ ಬುಡದಲ್ಲಿ ಕರುಳೆಲ್ಲ ಬಾಯಿಗೆ ಬರುವಂತೆ ವಾಂತಿ ಮಾಡಿದಳು. ಸೋಪು ಹಾಕಿ ಎಷ್ಟು ಉಜ್ಜಿದರೂ ಬೆರಳಿನ ನಾತ ಹೋಗಲಿಲ್ಲ. ಇದರ ಮೇಲೆ ಆ ಎಳೆಗೂಸು ಮಲಗುತ್ತಿತ್ತಲ್ಲ, ಅದರ ಕಿವಿಗೆ ಈ ಇರುವೆ ಹರಿಯುತ್ತಿತ್ತಲ್ಲ ಎಂದು ನೆನೆದು ಇನ್ನೊಮ್ಮೆ ಕಕ್ಕಿದಳು.

"ಹುಳ ಸಾಕೋರ ಮನೆ ಸೊಸೆ," ಎಂದಳು ಅತ್ತೆ, "ಗೂಡೊಳಗೆ ಹುಳ ಇರ್ತದೆ ಅನ್ನೋದ ಮರ್ತುಬುಟ್ಯಲ್ಲ."

"ಅತ್ತೆ, ಈಗ ಬಯ್ಯಬೇಡಿ. ನಿಮ್ಮ ಸೀರೆ ಕೊಡಿ."

"ತಕ್ಕೊ. ಕೊಳೆತದ್ದು ಅಂದಿದ್ದೆ, ನೋಡ್ಕೊಂಡು ಮುಟ್ಟು."

ಲತಾಮಣಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೀರೆಗಳನ್ನು ಸೋಡಾ ನೀರಲ್ಲಿ ಕುದಿಸಿದಳು. ಹಂಡೆಯ ನೀರು ಡಿಕಾಕ್ಷನ್ನಿನಂತಾಯಿತು. ಚೆಲ್ಲಿ ಮತ್ತೆ ಕುದಿಸಿದಳು. ಮರುದಿನದ ಬಿಸಿಲಿಗೆ ಅವು ಒಣಗಿದ ಮೇಲೆ ಮುದುಕಿ ಹೇಳಿದಂತೆ ನೆಲಕ್ಕೆ ಹಾಸಿ, ಪದರ ಪದರಕ್ಕೂ ನೀರು ಚಿಮುಕಿಸಿ ಸುಕ್ಕು ತೆಗೆದಳು. ಮಡಿಸಿದ ದಪ್ಪಕ್ಕೆ ಮೆಷಿನ್ನಿನ ಸೂಜಿ ಪಟ್ಟನೆ ಮುರಿಯಿತು. ಕೈಯಲ್ಲೇ ಆಗಬೇಕು. ಬಟ್ಟೆ ಜರುಗದಂತೆ ವೆಂಕಟಲಕ್ಷ್ಮಮ್ಮ ನಡುಮಧ್ಯೆ ಗಣಪನಂತೆ ಕೂತಳು, ಸೊಸೆ ಅಂಚಿನಿಂದ ಸಾಲು ಹಿಡಿದಳು.

ಕೈಹೊಲಿಗೆಗೆ ಬಗ್ಗಬೇಕು, ಬಗ್ಗಿದರೆ ಮೂಗು ಬಟ್ಟೆಯ ಮೇಲೇ. ಎರಡು ಸಲ ಕುದಿಸಿದರೂ ಕಡ್ಡಿಪುಡಿ ಎಳೆಯೊಳಗೇ ಕೂತಿತ್ತು. ಲತಾಮಣಿ ಉಸಿರು ಕಟ್ಟಿ ಒಂದಷ್ಟು ಹೊಲಿದು, ಮುಖ ತಿರುಗಿಸಿ ಉಸಿರೆಳೆದು, ಮತ್ತೆ ಬಗ್ಗುತ್ತಿದ್ದಳು. ಕಾಲರಿಗೆ ಜಗ್ಗಿ ರೂಢಿಯಾದ ಕೈ ಇಲ್ಲೂ ಜಗ್ಗಿತು. ಬಟ್ಟೆ ಹಪ್ಪಳದಂತೆ ಸೊಟ್ಟಗಾಯಿತು. ಮುದುಕಿ ಬೆರಳಾಡಿಸಿ ನೋಡಿದಳು.

"ಎಳೀಬೇಡ. ಸಾಹೇಬ್ರ ಶರ್ಟಲ್ಲ ಇದು. ದಾರ ಒಸಿ ಸಡ್ಲ ಬುಡು, ಬಟ್ಟೆ ತಾನೇ ಕೂತ್ಕತದೆ. ಬಿಚ್ಚು, ಮತ್ತೆ ಹಾಕು."

ಬಿಚ್ಚಿದಳು, ಮತ್ತೆ ಹಾಕಿದಳು. ಅಳತೆಯಿಲ್ಲದ, ಗೆರೆಯಿಲ್ಲದ ಸಾಲುಗಳು. ಫ್ಯಾಕ್ಟರಿಯಲ್ಲಾಗಿದ್ದರೆ ಸೂಪರ್‌ವೈಸರ್ ಮುಖಕ್ಕೆ ಎಸೆಯುತ್ತಿದ್ದ. ಆದರೆ ಅಂಗೈ ಇಟ್ಟಾಗ ಬೊಂತೆ ಕರುವಿನ ಕಿವಿಯಷ್ಟು ಮೆತ್ತಗಿತ್ತು. ಕೊನೆಯ ಸಾಲಿನ ಗಂಟು ಹಾಕುವುದಕ್ಕೂ ಬಾಗಿಲಲ್ಲಿ ಆಟೋ ನಿಲ್ಲುವುದಕ್ಕೂ ಸರಿಹೋಯಿತು. ಲತಾಮಣಿ ಕೈ ತೊಳೆದು, ಒಳಗೆ ಹೋಗಿ ಹೊಸ ಸೀರೆ ಉಟ್ಟು ಬಂದು ಆರತಿ ಎತ್ತಿದಳು.

ದಾರಿಯುದ್ದಕ್ಕೂ ಅಳುತ್ತ ಬಂದ ಕೂಸು ಬೊಂತೆಯ ಮೇಲೆ ಮಲಗಿಸಿದಾಗ ಸುಮ್ಮನಾಯಿತು. ಎಲ್ಲರೂ ನೋಡನೋಡುತ್ತಿದ್ದಂತೆ ಕುಡಿದ ಹಾಲನ್ನೆಲ್ಲ ಹುಳಿಹುಳಿಯಾಗಿ ಕಕ್ಕಿತು. ಜೊತೆಗೆ ಕೆಳಗಿನಿಂದಲೂ ಹಳದಿಗೆ ಹರಿಸಿತು.

"ಅವ್ವಾ, ಬಟ್ಟೆ ಕೊಡು," ಎಂದಳು ರಮ್ಯಾ.

ಹಾಲು ಮೂಗಿಗೇರೀತೆಂಬ ದಿಗಿಲಿನಲ್ಲಿ ಲತಾಮಣಿ ಕೈಗೆ ಸಿಕ್ಕಿದ್ದರಿಂದ ಮೇಲೂ ಕೆಳಗೂ ಒರೆಸಿಬಿಟ್ಟಳು. ಒರೆಸಿಯಾದ ಮೇಲೆ ನೋಡಿದರೆ ಅದು ಅವಳದೇ ಹೊಸ ಸೀರೆಯ ಸೆರಗು. ಮುಖ ಹಿಂಡಿಕೊಂಡು ಅದನ್ನು ಎರಡೇ ಬೆರಳಲ್ಲಿ, ಮೈಯಿಂದ ದೂರಕ್ಕೆ ಹಿಡಿದು ನಿಂತಳು. ಕಣ್ಣು ಮಂಜಾದರೂ ಮುದುಕಿಗೆ ವಾಸನೆಯಿಂದಲೇ ಎಲ್ಲ ತಿಳಿಯಿತು.

"ಆ ಸೀರೆ ಬಿಸಾಕಬೇಡ. ಟ್ರಂಕಲ್ಲಿಡು. ಈ ಕೂಸು ಹೆರೋ ಕಾಲಕ್ಕೆ ಬೊಂತೆಗೆ ಬತ್ತದೆ."

"ಥೂ," ಎಂದಳು ಲತಾಮಣಿ. ಸೆರಗನ್ನು ಹಾಗೇ ದೂರ ಹಿಡಿದು, "ತೊಳೆದೇ ಇಡ್ತೀನಿ," ಎಂದು ಬಚ್ಚಲಿಗೆ ನಡೆದಳು.