ಹೆಸರು ಬರೆಯದೆ ಬಿಟ್ಟ ಸಾಲು

ಕಳೆದ ವರ್ಷ ನಮ್ಮ ಯಜಮಾನರ ಮರಣಪತ್ರ ತರಲು ತಿರುವನಂತಪುರದ ಕಳಕ್ಕೂಟಂನ ಕಚೇರಿಗೆ ಹೋಗಿದ್ದೆ. ಕಾಗದ ಯಂತ್ರದಿಂದ ಎರಡೇ ನಿಮಿಷದಲ್ಲಿ ಹೊರಗೆ ಬಂತು. ಮೇಜಿನ ಹಿಂದಿದ್ದ ಹುಡುಗಿ ಅದಕ್ಕೆ ಮೊಹರು ಒತ್ತಲು ತಗಡಿನ ಡಬ್ಬಿಯ ಮುಚ್ಚಳ ತೆಗೆದಳು. ನೇರಳೆ ಶಾಯಿಯ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಮೇಜಿನಿಂದ ಹಿಂದೆ ಸರಿದೆ. ಜೊತೆಗಿದ್ದ ಮಗಳು, ಅಪ್ಪನ ನೆನಪಾಗಿರಬೇಕು ಎಂದುಕೊಂಡು ನನ್ನನ್ನು ಬೆಂಚಿನ ಮೇಲೆ ಕೂರಿಸಿದಳು. ನನಗೆ ನೆನಪಾದದ್ದು ಧಾರವಾಡದ ಅಕ್ಕ.

ಅರವತ್ತರ ದಶಕದ ನಡುವೆ ನಾವು ಫೋರ್ಟ್ ಕೊಚ್ಚಿಯಲ್ಲಿದ್ದೆವು. ಯಜಮಾನರಿಗೆ ಬ್ಯಾಂಕಿನ ಕೆಲಸ. ನಾನು ಕಾಸರಗೋಡಿನ ಕಡೆಯವಳಾದ್ದರಿಂದ ಮಲಯಾಳ ನನಗೆ ಹೊಸದಲ್ಲ. ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಗೆ ಧಾರವಾಡದ ದಂಪತಿ ಬಂದರು. ಆತ ಕೇಂದ್ರ ಸರಕಾರದ ಕಚೇರಿಯಲ್ಲಿದ್ದ. ಆಕೆ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಹಾಗಾಗಿ ಅಕ್ಕ ಎಂದೇ ಕರೆದೆ. ಆಕೆಗೆ ಮಲಯಾಳ ಒಂದಕ್ಷರ ಬರುತ್ತಿರಲಿಲ್ಲ. ಮೀನಿನವಳನ್ನು ಬಾಗಿಲಿನಿಂದ ಕಳಿಸುವುದಕ್ಕೂ, ಹಾಲಿನವನಿಗೆ ನಾಳೆ ಬೇಡ ಎನ್ನುವುದಕ್ಕೂ ನನ್ನನ್ನೇ ಕರೆಯುತ್ತಿದ್ದಳು. ಅವಳ ಬಾಯಿ ನಾನು, ಎಂದು ನಾವಿಬ್ಬರೂ ನಗುತ್ತಿದ್ದೆವು.

ಅಲ್ಲಿ ಅವಳಿಗೆ ಮೊದಲ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಹುಟ್ಟಿದ್ದರಿಂದ ಹೆತ್ತವರ ಹೆಸರು, ದಿನ, ಹೆಣ್ಣು ಎಂಬುದಷ್ಟೂ ನಗರಸಭೆಯ ಪುಸ್ತಕಕ್ಕೆ ತಾನಾಗಿ ಸೇರಿತು. ಮಗುವಿನ ಹೆಸರನ್ನು ಆಮೇಲೆ ಹೋಗಿ ಬರೆಸಬೇಕಿತ್ತು. ಮನೆಯಲ್ಲಿ ತೊಟ್ಟಿಲು ಕಟ್ಟಿ ಹೆಸರಿಟ್ಟರು, ನಾನೂ ಕಿವಿಯಲ್ಲಿ ಹೆಸರು ಉಸುರಿದೆ. ಆದರೆ ಕಚೇರಿಗೆ ಹೋಗುವ ಕೆಲಸ ನಾಳೆ, ನಾಡಿದ್ದು ಎಂದು ಹಾಗೇ ಉಳಿಯಿತು. ಐದನೆಯ ತಿಂಗಳಲ್ಲಿ ಮಗುವಿಗೆ ಜ್ವರ ಬಂತು. ಮೂರನೆಯ ದಿನ ಬೆಳಿಗ್ಗೆ ಅಕ್ಕ ಗೋಡೆಯಾಚೆಯಿಂದ ನನ್ನನ್ನು ಕರೆದಾಗ, ಆ ದನಿಯಲ್ಲೇ ನನಗೆ ತಿಳಿದುಹೋಯಿತು. ಅವರ ಯಜಮಾನರು ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಸಾವನ್ನು ಬರೆಸಬೇಕೆಂದು ಯಾರಿಗೂ ತೋಚಲಿಲ್ಲ.

ಸುಮಾರು ಒಂದೂಕಾಲು ವರ್ಷದ ಮೇಲೆ ಎರಡನೆಯದು, ಅದೂ ಹೆಣ್ಣು. ಎಂಟನೆಯ ತಿಂಗಳಲ್ಲೇ ನೋವು ಬಂತು, ಆತ ಬೆಂಗಳೂರಿಗೆ ಹೋಗಿದ್ದ. ಓಣಿಯ ಮುದುಕಿ ಸೂಲಗಿತ್ತಿಯನ್ನು ಕರೆತಂದವಳು ನಾನು, ನೀರು ಕಾಯಿಸಿದವಳೂ ನಾನು. ಹಿಡಿ ಗಾತ್ರದ ಮಗು ಅಳುವುದಕ್ಕೇ ಬಹಳ ಹೊತ್ತು ತೆಗೆದುಕೊಂಡಿತು. ವಾರದ ಮೇಲೆ ನಾನು, ಮನೆಯಲ್ಲೇ ಹೆರಿಗೆಯಾದರೆ ನಾವೇ ಹೋಗಿ ತಿಳಿಸಬೇಕಂತೆ ಎಂದೆ.

"ಈಕಿನ್ನ ಎಲ್ಲೂ ಬರಸೂದು ಬ್ಯಾಡ್ರಿ" ಎಂದಳು ಅಕ್ಕ. "ಬರಸಿದ್ದು ಒಂದು ಹೋತು."

ಅವಳ ಕಣ್ಣು ನೋಡಿ ನಾನು ಮತ್ತೆ ಕೇಳಲಿಲ್ಲ. ಬೆಂಗಳೂರಿನಿಂದ ಬಂದ ಆತನೂ ಅವಳ ಮಾತಿಗೇ ಒಪ್ಪಿದ.

ಆಮೇಲೆ ಆತನಿಗೆ ತಿರುವನಂತಪುರದ ಹತ್ತಿರ ತುಂಬಾ ಎಂಬ ಊರಿನ ಕಡೆ ಕೆಲಸವಾಯಿತು. ಮರುವರ್ಷ ನಮಗೂ ತಿರುವನಂತಪುರಕ್ಕೆ ವರ್ಗವಾಗಿ, ಹುಡುಕಿಕೊಂಡು ಹೋಗಿ ಅವರ ಬೀದಿಯಲ್ಲೇ ಮನೆ ಹಿಡಿದೆವು. ತೀರಿಹೋದ ದೊಡ್ಡ ಮಗಳು ಹುಟ್ಟಿದ ದಿನ ಬಂದರೆ ಅಕ್ಕ ಯಾರಿಗೂ ಹೇಳದೆ ಗೋಧಿ ಹುಗ್ಗಿ ಮಾಡಿ, ಒಂದು ಬಟ್ಟಲು ದೇವರ ಮುಂದಿಟ್ಟು, ಒಂದು ಬಟ್ಟಲು ನನಗೆ ಕೊಟ್ಟುಹೋಗುತ್ತಿದ್ದಳು.

ಎಪ್ಪತ್ತೊಂದರ ಬೇಸಿಗೆಯಲ್ಲಿ ಚಿಕ್ಕವಳನ್ನು ಶಾಲೆಗೆ ಹಾಕಬೇಕಾಯಿತು. ಶಾಲೆಯವರು ಜನನಪತ್ರ ಕೇಳಿದರು, ವಾರದೊಳಗೆ ತನ್ನಿ ಎಂದರು. ಆತನಿಗೆ ರಜೆ ಸಿಗಲಿಲ್ಲ. ಸೂಲಗಿತ್ತಿ ಎಲ್ಲಾದರೂ ಹೇಳಿ ಬರೆಸಿರಲೂಬಹುದು ಎಂಬ ಒಂದೆಳೆ ಆಸೆ ಹಿಡಿದುಕೊಂಡು ನಾನೂ ಅಕ್ಕನೂ ರೈಲು ಹತ್ತಿ, ಎರ್ನಾಕುಳಂನಲ್ಲಿ ಇಳಿದು, ದೋಣಿ ದಾಟಿ ಫೋರ್ಟ್ ಕೊಚ್ಚಿಗೆ ಹೋದೆವು. ಹಳೆಯ ಓಣಿಯಲ್ಲಿ ವಿಚಾರಿಸಿದರೆ ಸೂಲಗಿತ್ತಿ ತೀರಿಹೋಗಿ ವರ್ಷವಾಗಿತ್ತು.

ಕಚೇರಿಯ ಗುಮಾಸ್ತ ದಪ್ಪ ಕನ್ನಡಕದ ವಯಸ್ಸಾದ ಮನುಷ್ಯ. ಕೆಟ್ಟವನಲ್ಲ. ಬಿಳಿ ಹಾಳೆಯ ಮೇಲೆ ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಮನೆ ಇದ್ದ ವಾರ್ಡು, ಪತ್ರ ಯಾತಕ್ಕೆ ಬೇಕು ಎಂಬುದನ್ನು ಬರೆದು ಮೂಲೆಯಲ್ಲಿ ಸ್ಟಾಂಪು ಅಂಟಿಸಿ ಕೊಡಲು ಹೇಳಿದ. ನಾನು ಬರೆದೆ, ಅಕ್ಕ ಕನ್ನಡದಲ್ಲಿ ಸಹಿ ಮಾಡಿದಳು. ಆತ ಆ ವರ್ಷದ ಪುಸ್ತಕ ಇಳಿಸಿ ಪುಟ ಪುಟ ನೋಡಿದ. ಇಲ್ಲ ಎಂದ.

ಇಲ್ಲದಿದ್ದರೆ ಏನು ಮಾಡಬೇಕು ಎಂದು ಕೇಳಿದೆ. ಇಲ್ಲವೆಂದು ಇಲ್ಲಿಂದ ಒಂದು ಕಾಗದ ತೆಗೆದುಕೊಳ್ಳಬೇಕು, ಅಫಿಡವಿಟ್ಟು ಮಾಡಿಸಬೇಕು, ಹೆರಿಗೆ ಕಂಡ ಸಾಕ್ಷಿಗಳನ್ನು ಕರೆದುಕೊಂಡು ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು, ಅವರು ಆಜ್ಞೆ ಮಾಡಿದ ಮೇಲೆ ಇಲ್ಲಿ ಬರೆಯುತ್ತೇವೆ. ತಿಂಗಳುಗಳು ಹಿಡಿಯುತ್ತವೆ ಎಂದ. ನಾನು ಅದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದಾಗ ಆತ, ಪಾಪ, ಹೆಂಗಸರು ದೂರದಿಂದ ಬಂದಿದ್ದಾರೆ, ವರ್ಷ ತಪ್ಪಾಗಿ ಹೇಳಿರಬಹುದು ಎಂದುಕೊಂಡು ಹಿಂದಿನ ಪುಸ್ತಕಗಳನ್ನೂ ತೆಗೆದ. ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತ.

"ಇದಲ್ಲೇ?" ಎಂದು ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದ.

ಇದೇ ಅಲ್ಲವೇ ಎಂದು ಕೇಳಿದ್ದ. ಅದೇ ತಂದೆ, ಅದೇ ತಾಯಿ, ಹೆಣ್ಣು. ಹೆಸರಿನ ಜಾಗ ಖಾಲಿ ಇತ್ತು. ಹೆಸರು ಹೇಳಿ, ಈಗಲೇ ತುಂಬುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಪತ್ರ ಸಿಗುತ್ತದೆ ಎಂದ.

"ಏನಂತಾನ್ರಿ ಅಂವ?" ಎಂದು ಅಕ್ಕ ನನ್ನ ತೋಳು ಹಿಡಿದಳು.

ನಾನು ಅವಳಿಗೆ ಹೇಳಬೇಕಿತ್ತು. ಇದು ನಿಮ್ಮ ದೊಡ್ಡವಳ ಸಾಲು, ಇದನ್ನು ಚಿಕ್ಕವಳಿಗೆ ಕೊಟ್ಟುಬಿಡೋಣವೇ, ಎಂದು ಕೇಳಬೇಕಿತ್ತು. ಎರಡನೆಯ ಹೆರಿಗೆ ಕಣ್ಣಾರೆ ಕಂಡವಳು ನಾನೇ, ಮ್ಯಾಜಿಸ್ಟ್ರೇಟರ ಮುಂದೆ ನಿಂತು ಹೇಳಬಲ್ಲವಳೂ ನಾನೇ. ಆದರೆ ಶಾಲೆಗೆ ಉಳಿದದ್ದು ಮೂರು ದಿನ. ಅಲ್ಲದೆ ನನಗೂ ದಣಿವಾಗಿತ್ತು, ಮನೆಯಲ್ಲಿ ನನ್ನ ಮಕ್ಕಳನ್ನು ಬಿಟ್ಟು ಬಂದಿದ್ದೆ, ಮತ್ತೆ ಮತ್ತೆ ಕೊಚ್ಚಿಗೆ ಓಡಾಡುವುದು ನನಗೆ ಬೇಡವಾಗಿತ್ತು. ಇದನ್ನು ನಾನು ಈವರೆಗೆ ಯಾರ ಹತ್ತಿರವೂ ಹೇಳಿಲ್ಲ.

"ಅದೆ" ಎಂದೆ.

ಮಲಯಾಳದಲ್ಲಿ ಅದೆ ಎಂದರೆ ಹೌದು. ಧಾರವಾಡದಲ್ಲಿ ಅದ ಎಂದರೆ ಇದೆ. ಅಕ್ಕನ ಮುಖ ಒಂದು ಕ್ಷಣ ಅರಳಿತು. ಚಿಕ್ಕವಳ ಹೆಸರು ಎಲ್ಲೋ ಸಿಕ್ಕಿತು ಎಂದುಕೊಂಡಳು. ಗುಮಾಸ್ತ ಹೆಸರು ಕೇಳಿದ, ಚಿಕ್ಕವಳ ಹೆಸರನ್ನು ನಾನೇ ಹೇಳಿದೆ. ಆತ ಲೇಖನಿಯನ್ನು ಮಸಿಯಲ್ಲಿ ಅದ್ದಿ ನಿಧಾನವಾಗಿ ಬರೆದ. ಬಗ್ಗಿ ನೋಡಿದ ಅಕ್ಕನಿಗೆ ಮಲಯಾಳದ ಅಕ್ಷರ ಓದಲು ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ದಿನ, ತಿಂಗಳು, ವರ್ಷ ಓದಿಕೊಂಡಳು. ನನ್ನ ತೋಳಿನಿಂದ ಅವಳ ಕೈ ಜಾರಿತು.

ಬೇಡ ಎನ್ನಲಿಲ್ಲ. ಎನ್ನಲು ಅವಳಿಗೆ ಅಲ್ಲಿ ಬಾಯಿ ಇರಲಿಲ್ಲ, ಅವಳ ಬಾಯಿ ನಾನಾಗಿದ್ದೆ.

ವಾಪಸು ಬರುವಾಗ ದೋಣಿಯಲ್ಲಿ ಜಾಗವಿದ್ದರೂ ಅವಳು ಕೂರಲಿಲ್ಲ. ನೇರಳೆ ಮೊಹರಿನ ವಾಸನೆ ಇನ್ನೂ ಆರದ ಜನನಪತ್ರದ ಲಕೋಟೆಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಮಗು ಶಾಲೆಗೆ ಹೋಗುದು ಮುಖ್ಯ ಅಲ್ವಾ ಅಕ್ಕ, ಒಂದು ಕಾಗದ ಅಷ್ಟೇ, ಎಂದು ನಾನು ಏನೇನೋ ಹೇಳಿದೆ. ದೋಣಿ ದಡ ಮುಟ್ಟುವಾಗ ಒಂದೇ ಮಾತು ಕೇಳಿದಳು.

"ಹಂಗಾರ ನನ್ನ ಹಿರೇ ಮಗಳು ಎಲ್ಲಿ ಹೋದ್ಲ್ರೀ?"

ಚಿಕ್ಕವಳು ಶಾಲೆಗೆ ಸೇರಿದಳು. ಐದು ವರ್ಷದವಳು ಕಾಗದದಲ್ಲಿ ಏಳರ ಹತ್ತಿರ ಇದ್ದುದರಿಂದ ಎರಡನೆಯ ತರಗತಿಗೆ ಕೂರಿಸಿದರು. ಉಳಿದ ಮಕ್ಕಳ ಭುಜಕ್ಕೂ ಬರುತ್ತಿರಲಿಲ್ಲ. ಏಳು ವರ್ಷದ ಹುಡುಗಿಗೆ ಇಷ್ಟೂ ಬರುವುದಿಲ್ಲವೇ ಎಂದು ಟೀಚರ್ ಅಂಗೈಗೆ ಹೊಡೆಯುತ್ತಿದ್ದರಂತೆ. ಕೆಂಪಾದ ಕೈಯನ್ನು ಮನೆಯಲ್ಲಿ ಲಂಗದ ಹಿಂದೆ ಮುಚ್ಚಿಡುತ್ತಿದ್ದಳು. ವರ್ಷಕ್ಕೊಮ್ಮೆ ಕಾಗದದ ಹುಟ್ಟುಹಬ್ಬ ಬರುತ್ತಿತ್ತು. ಶಾಲೆಯಲ್ಲಿ ಹಂಚಲು ಮಿಠಾಯಿ ಬೇಕು, ಹೊಸ ಫ್ರಾಕು ಬೇಕು ಎಂದು ಮಗು ಮಲಯಾಳದಲ್ಲಿ ಪೀಡಿಸುತ್ತಿತ್ತು. ಅವಳಪ್ಪ ತಂದುಕೊಡುತ್ತಿದ್ದ. ಆ ದಿನ ಅಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡುಬಿಡುತ್ತಿದ್ದಳು. ಹೊಸ ಫ್ರಾಕು ತೊಟ್ಟ ಮಗು ಬಾಗಿಲ ಹೊರಗೆ ನಿಂತು ಅಮ್ಮಾ ಅಮ್ಮಾ ಎನ್ನುವುದು ನಮ್ಮ ಮನೆಗೆ ಕೇಳಿಸುತ್ತಿತ್ತು. ಹುಗ್ಗಿಯ ಬಟ್ಟಲು ನಮ್ಮ ಮನೆಗೆ ಮತ್ತೆ ಬರಲಿಲ್ಲ.

ನಾಲ್ಕು ವರ್ಷದ ಮೇಲೆ ಅಕ್ಕ ಯಾರಿಗೂ ಹೇಳದೆ ಒಬ್ಬಳೇ ಕೊಚ್ಚಿಗೆ ಹೋಗಿಬಂದಳು. ಬೀದಿಯಲ್ಲಿ ಯಾರಿಂದಲೋ ಮಲಯಾಳದಲ್ಲಿ ಅರ್ಜಿ ಬರೆಸಿಕೊಂಡಿದ್ದಳು. ನನ್ನ ಹತ್ತಿರ ಬರಲಿಲ್ಲ. ದೊಡ್ಡ ಮಗಳು ಹುಟ್ಟಿದ್ದಕ್ಕೂ ಸತ್ತಿದ್ದಕ್ಕೂ ಒಂದೊಂದು ಕಾಗದ ಬೇಕು ಎಂಬ ಅರ್ಜಿ. ಬಂದ ಮೇಲೆ ಮಾತ್ರ ನಮ್ಮ ಜಗಲಿಗೆ ಬಂದು ಕುಳಿತಳು. ಹೊಸ ಗುಮಾಸ್ತನಿದ್ದನಂತೆ. ಪುಸ್ತಕ ನೋಡಿ, ಈ ಮಗುವಿಗೆ ಶಾಲೆಗೆಂದು ಪತ್ರ ಕೊಟ್ಟಾಗಿದೆಯಲ್ಲ, ಬದುಕಿರುವ ಮಗು ಸತ್ತಿದೆ ಎಂದು ಬರೆಯಲಾಗುತ್ತದೆಯೇ ಎಂದು ಅಲ್ಲಿದ್ದ ಕನ್ನಡ ಬಲ್ಲವರೊಬ್ಬರಿಂದ ಹೇಳಿಸಿ ಕಳಿಸಿದನಂತೆ.

"ಆಕಿ ಸತ್ತೇ ಇಲ್ಲಂತ್ರಿ" ಎಂದಳು. "ಆದ್ರ ನಾ ಮಣ್ಣಿಗೆ ಕೊಟ್ಟಿದ್ದು ಯಾರನ್ನ?"

ಅದೇ ಅವಳು ನಮ್ಮ ಜಗಲಿ ಹತ್ತಿದ್ದು ಕಡೆಯ ಸಲ. ಎರಡು ವರ್ಷದ ನಂತರ ಹೊಟ್ಟೆಯ ಕಾಯಿಲೆಯಾಗಿ ಆಸ್ಪತ್ರೆ ಸೇರಿದಳು. ದಿನವೂ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ನರ್ಸು ಬಂದು ಏನಾದರೂ ಕೇಳಿದರೆ ಹೇಳಲು ಒಬ್ಬರು ಬೇಕಲ್ಲ ಎಂದು ಕುಳಿತಿರುತ್ತಿದ್ದೆ. ಎಲ್ಲಿ ನೋವು ಎಂದು ನರ್ಸು ಕೇಳಿದಳು, ನಾನು ಕನ್ನಡದಲ್ಲಿ ಕೇಳಿದೆ. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಮೂರು ದಿನ ಹಾಗೇ ಇದ್ದಳು... ನಾಲ್ಕನೆಯ ದಿನ ನಾನು ಹೋಗುವಷ್ಟರಲ್ಲಿ ಮಂಚ ಖಾಲಿಯಾಗಿತ್ತು. ಚಿಕ್ಕವಳಿಗೆ ಆಗ ಹನ್ನೊಂದು, ಕಾಗದದಲ್ಲಿ ಹದಿಮೂರರ ಹತ್ತಿರ. ದೊಡ್ಡ ಹುಡುಗಿ, ಮನೆ ನೋಡಿಕೊಳ್ಳುತ್ತಾಳೆ ಎಂದು ಬಂದವರೆಲ್ಲ ಹೇಳಿ ಹೋದರು.

ಆಕೆ ಈಗ ಇದೇ ಊರಿನಲ್ಲಿದ್ದಾಳೆ. ಅವಳಪ್ಪ ಹೋಗಿ ಎಷ್ಟೋ ವರ್ಷವಾಯಿತು. ಯಜಮಾನರು ತೀರಿಕೊಂಡ ಸುದ್ದಿ ಕೇಳಿ ನನ್ನನ್ನು ನೋಡಲು ಬಂದಿದ್ದಳು. ತಲೆ ಪೂರ್ತಿ ನೆರೆತಿದೆ, ಕೆಲಸದಿಂದ ನಿವೃತ್ತಿಯೂ ಆಗಿದೆ. ಮಾತಿನ ನಡುವೆ, ಅಮ್ಮನಿಗೆ ನಾನೆಂದರೆ ಯಾಕೆ ಇಷ್ಟವಿರಲಿಲ್ಲ ಆಂಟಿ, ನನ್ನ ಹುಟ್ಟುಹಬ್ಬದ ದಿನ ನನ್ನ ಮುಖವನ್ನೂ ನೋಡುತ್ತಿರಲಿಲ್ಲ, ಎಂದು ಮಲಯಾಳದಲ್ಲಿ ಕೇಳಿದಳು. ಅರವತ್ತು ವರ್ಷ ಹತ್ತಿರವಾದ ಮೇಲೂ ಆ ಪ್ರಶ್ನೆ ಮಗುವಿನದಾಗಿತ್ತು. ನನ್ನ ದಣಿವಿನ ಮಾತೊಂದನ್ನು ಬಿಟ್ಟು ಎಲ್ಲ ಹೇಳಿಬಿಟ್ಟೆ. ಗುಮಾಸ್ತ ಬೆರಳಿಟ್ಟ ಸಾಲು, ನಾನು ಹೇಳಿದ ಆ ಒಂದು ಮಾತು, ದೋಣಿ, ಎಲ್ಲ. ಅಕ್ಕನ ಕೊನೆಯ ಅರ್ಜಿಯ ವಿಷಯವನ್ನೂ.

ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಚೇಚ್ಚಿಯುಡೆ ಪೇರೆಂದಾಯಿರುನ್ನು?" ಎಂದಳು. ತನ್ನ ಅಕ್ಕನ, ಆ ದೊಡ್ಡವಳ, ಹೆಸರು ಏನಿತ್ತು ಎಂದು.

ನಾನು ಬಾಯಿ ತೆರೆದೆ. ತೊಟ್ಟಿಲು ನೆನಪಿದೆ, ಅದಕ್ಕೆ ಕಟ್ಟಿದ್ದ ಹಸಿರು ಸೀರೆ ನೆನಪಿದೆ, ಮಗುವಿನ ಬೆಚ್ಚನೆಯ ಕಿವಿ ನನ್ನ ತುಟಿಗೆ ತಾಗಿದ್ದು ನೆನಪಿದೆ. ಹೆಸರು ಬರಲಿಲ್ಲ. ಅವಳು ಕಾದಳು. ಯೋಚಿಸಿ ಹೇಳ್ತೇನೆ ಎಂದೆ. ಅವಳು ಬಂದುಹೋಗಿ ಈಗ ಏಳೆಂಟು ತಿಂಗಳಾಯಿತು. ದಿನವೂ ಬೆಳಿಗ್ಗೆ ಅ ದಿಂದ ಶುರುಮಾಡಿ ಒಂದೊಂದು ಅಕ್ಷರವಾಗಿ ಹುಡುಕುತ್ತೇನೆ... ಇನ್ನೂ ಸಿಕ್ಕಿಲ್ಲ. ಕೇಳೋಣವೆಂದರೆ ಗೊತ್ತಿದ್ದವರು ಯಾರೂ ಉಳಿದಿಲ್ಲ.