ಎದ್ದು ನಿಂತವನ ವಿಡಿಯೋ

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದೇ ಕುರ್ಚಿಯ ಸಲೂನು ಅವನದು. ಗಿರಾಕಿಗಳು ಅವನನ್ನು ಕತ್ತರಿಯಣ್ಣ ಎಂದೇ ಕರೆಯುತ್ತಿದ್ದರು. ಕೈಗಿಂತ ಬಾಯಿ ಚುರುಕು. “ತಲೆ ನಿಮ್ದು, ಜವಾಬ್ದಾರಿ ನಂದು, ಅಳೋದು ಮಾತ್ರ ಮನೆಗೆ ಹೋಗಿ ಅಳಿ” ಎನ್ನುತ್ತಲೇ ಗಿರಾಕಿಯ ಕೊರಳಿಗೆ ಬಟ್ಟೆ ಸುತ್ತುತ್ತಿದ್ದ. ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತಲು ಬಗ್ಗಿದ್ದಾಗ, ಹಿಂದಕ್ಕೆ ಬರುತ್ತಿದ್ದ ಲಾರಿ ಅವನನ್ನು ಕೆಡವಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಆಸ್ಪತ್ರೆಯಿಂದ ಬಂದವನು ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ. ಹೆಂಡತಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡಿ ಮನೆ ನಡೆಸಿದಳು. ಒಂದು ಶಿಬಿರದಲ್ಲಿ ಪುಕ್ಕಟೆಯಾಗಿ ಕೃತಕ ಕಾಲು ಹಾಕುತ್ತಾರೆಂದು ಕೇಳಿ, ಅವನನ್ನು ಎಬ್ಬಿಸಿ ಕರೆದುಕೊಂಡು ಹೋದವಳೂ ಅವಳೇ. ಅಲ್ಲಿ ಅವನು ಮೊದಲ ಸಲ ಎದ್ದು ನಿಂತಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಶಿಬಿರ ನಡೆಸಿದ ಸೇವಾಸಂಸ್ಥೆಯ ಪ್ರಚಾರ ನೋಡಿಕೊಳ್ಳುವ ಹುಡುಗಿ ಅದನ್ನು ಮೊಬೈಲಿನಲ್ಲಿ ಹಿಡಿದಳು. ಆಮೇಲೆ ಸಲೂನಿಗೂ ಬಂದು, ಅವನು ನಿಂತು ಕೂದಲು ಕತ್ತರಿಸುವುದನ್ನು, ಗಲ್ಲಿಯಲ್ಲಿ ನಡೆದು ಬರುವುದನ್ನು ತೆಗೆದುಕೊಂಡಳು. ಹಿನ್ನೆಲೆಗೆ ಪಿಟೀಲು ಹಾಕಿದ ಆ ವಿಡಿಯೋವನ್ನು ಲಕ್ಷಾಂತರ ಜನ ನೋಡಿದರು. ಅದರಲ್ಲಿ ಅಂಗಡಿಯ ಬೋರ್ಡು ಕಾಣುತ್ತಿತ್ತು, ಬೋರ್ಡಿನ ಮೇಲೆ ಅವನ ಫೋನ್ ನಂಬರ್ ಇತ್ತು. ವಿಡಿಯೋ ಹಾಕುವಾಗ ಸಂಸ್ಥೆಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೊದಮೊದಲು ಹೊಗಳುವವರು ಫೋನ್ ಮಾಡಿದರು. ಆಮೇಲೆ ಕಾಲು ಕೇಳುವವರು ಶುರುವಾದರು. ಕಾಲಷ್ಟೇ ಅಲ್ಲ, ಕೈ ಕೇಳುವವರು, ಗಾಲಿಕುರ್ಚಿ ಕೇಳುವವರು, ಕಣ್ಣು ಕಾಣದ ತಾಯಿಗೆ ಏನಾದರೂ ದಾರಿಯಿದೆಯೇ ಎನ್ನುವವರು. “ನಾನು ಕಾಲು ಕೊಡೋನಲ್ಲಪ್ಪ, ತಗೊಂಡೋನು” ಎಂದು ಅವನು ತಿಳಿಸಿ ಹೇಳುತ್ತಿದ್ದ. “ಆದ್ರೂ ನಿಮಗೆ ಅವರು ಗೊತ್ತಲ್ಲ, ಒಂದು ಮಾತು ಹೇಳಿ ಅಣ್ಣ” ಎಂದು ಆ ಕಡೆಯವರು ಅಂಗಲಾಚುತ್ತಿದ್ದರು.

ತಡೆಯಲಾರದೆ ಸಂಸ್ಥೆಯ ಕಚೇರಿಗೆ ಹೋದ. ವಿಡಿಯೋ ಮಾಡಿದ ಹುಡುಗಿ ತಲೆಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯೋ, ತಪ್ಪಾಯ್ತು ಅಣ್ಣ. ಈಗಲೇ ನಂಬರ್ ಮಸುಕು ಮಾಡ್ತೀನಿ.”

“ಅದಿರಲಿ ತಾಯಿ. ಕೇಳೋರಿಗೆ ಏನು ಹೇಳಲಿ?”

“ನಮ್ಮ ಪೇಜಿಗೆ ಮೆಸೇಜ್ ಹಾಕೋಕೆ ಹೇಳಿ.”

ಅವಳು ಮಾತಿನಂತೆ ನಂಬರ್ ಅಳಿಸಿದಳು. ಆದರೆ ಅಷ್ಟರಲ್ಲಿ ಹಳೆಯ ವಿಡಿಯೋ ಯಾರ್‍ಯಾರದೋ ಮೊಬೈಲಿಗೆ ಇಳಿದು, ಅಲ್ಲಿಂದ ಇನ್ನೆಲ್ಲಿಗೋ ಹೋಗಿಯಾಗಿತ್ತು. ಮೆಸೇಜ್ ಏನಾಗುತ್ತದೆ ನೋಡೋಣವೆಂದು ಅವನೇ ಪೇಜಿಗೆ ಒಂದು ಹಾಕಿದ. ರೆಪ್ಪೆ ಬಡಿಯುವುದರೊಳಗೆ ಉತ್ತರ ಬಂತು: ನಿಮ್ಮ ಪ್ರೀತಿಗೆ ಧನ್ಯವಾದಗಳು, ಆದಷ್ಟು ಬೇಗ ಸಂಪರ್ಕಿಸುತ್ತೇವೆ. ಪಕ್ಕದಲ್ಲಿ ಒಂದು ಕೆಂಪು ಹೃದಯ. ಅದು ಯಂತ್ರ ಕಳಿಸುವ ಉತ್ತರವೆಂದು ಗಿರಾಕಿಯೊಬ್ಬ ಹೇಳಿದ ಮೇಲೆಯೇ ಗೊತ್ತಾದದ್ದು.

ಈ ನಡುವೆ ಅವನ ಮೊಣಕಾಲಿನ ಕೆಳಗಿನ ಮಾಂಸ ಕರಗಿ, ಕೃತಕ ಕಾಲು ಸಡಿಲವಾಗಿ ಉಜ್ಜತೊಡಗಿತು. ಚರ್ಮ ಸುಲಿದು ಗಾಯವಾಯಿತು. ಹೆಂಡತಿ ಹಳೆಯ ಬಟ್ಟೆ ಮಡಚಿ ಒಳಗೆ ತುರುಕಿ ಕಟ್ಟುತ್ತಿದ್ದಳು. ಅದನ್ನೂ ಪೇಜಿಗೆ ಬರೆದ. ಮತ್ತೆ ಅದೇ ಹೃದಯ.

ವರ್ಷ ತುಂಬುವ ಹೊತ್ತಿಗೆ ಆ ಹುಡುಗಿ ಫೋನ್ ಮಾಡಿದಳು. ಅವನು ಈಗ ಹೇಗಿದ್ದಾನೆಂದು ತೋರಿಸುವ ಇನ್ನೊಂದು ವಿಡಿಯೋ ಬೇಕಂತೆ, ಅದರಿಂದಲೇ ಮುಂದಿನ ಶಿಬಿರಕ್ಕೆ ದೇಣಿಗೆ ಬರಬೇಕಂತೆ. ಈ ಸಲ ಕಾಲು ತೋರಿಸಿಯೇ ಬಿಡಬೇಕು, ನೋಯುತ್ತಿದೆ ಎಂದು ಕ್ಯಾಮೆರಾದ ಮುಂದೆಯೇ ಹೇಳಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡ.

ಅವಳು ಬಂದ ದಿನವೇ ದೂರದ ಊರಿನಿಂದ ಒಬ್ಬ ಬೇಕರಿ ಕೆಲಸಗಾರ ಮಗಳನ್ನು ಕರೆದುಕೊಂಡು ಬಂದಿಳಿದ. ಮೊಬೈಲಿನಲ್ಲಿ ಬೋರ್ಡಿನ ಚಿತ್ರ ಹಿಡಿದು ಅಂಗಡಿ ಹುಡುಕಿಕೊಂಡು ಬಂದಿದ್ದ. ಹತ್ತು ವರ್ಷದ ಹುಡುಗಿ, ಒಂದು ಕಾಲಿಲ್ಲ, ಕಂಕುಳಲ್ಲಿ ಊರುಗೋಲು. ಕತ್ತರಿಯಣ್ಣನ ಕಾಲನ್ನೇ ನೋಡುತ್ತ ನಿಂತಳು.

“ಮಾಮ, ನೋಯುತ್ತಾ ಅದು?”

ಅಪ್ಪ ಉತ್ತರಕ್ಕೆ ಕಾಯುತ್ತಿದ್ದ. ಕ್ಯಾಮೆರಾ ಚಾಲೂ ಆಗಿತ್ತು.

“ಇಲ್ಲ ಪುಟ್ಟಿ,” ಎಂದ. “ಓಡಬೇಕು ಅನ್ಸುತ್ತೆ.”

ಗಲ್ಲಿಯ ತುದಿಯವರೆಗೆ ನಡೆದು ತೋರಿಸಿದ. ಅಂಗಡಿಗೆ ಬಂದಿದ್ದ ಹೆಂಡತಿ ಅವನ ನಗುವನ್ನು ನೋಡಲಾರದೆ ಮುಖ ತಿರುಗಿಸಿದಳು.

ಚಿತ್ರೀಕರಣ ಮುಗಿದ ಮೇಲೆ, ಪ್ರಚಾರದ ಹುಡುಗಿಯನ್ನು ಅಂಗಡಿಯ ಪರದೆಯ ಹಿಂದಕ್ಕೆ ಕರೆದು ಪ್ಯಾಂಟ್ ಮಡಚಿ ತೋರಿಸಿದ. ಅವಳ ಕಣ್ಣು ತುಂಬಿತು.

“ಅಣ್ಣ, ಕಾಲು ಮಾಡೋರು ಬೇರೆ, ನಾನು ಬರೀ ವಿಡಿಯೋ ಮಾಡೋಳು. ಮೇಲಿನವರಿಗೆ ಹೇಳ್ತೀನಿ. ಬೇರೆಯವರದೂ ಹೀಗೇ ಆಗಿದೆ ಅಂತ ಹೋದ ಸಲನೂ ಹೇಳಿದ್ದೆ.”

“ಹೋಗ್ಲಿ ಬಿಡಿ. ಆ ಮಗೂಗಾದ್ರೂ ಏನಾದ್ರೂ ಮಾಡಿ.”

ಅವಳು ಮಗುವಿನ ಹೆಸರು, ಅಪ್ಪನ ನಂಬರ್ ತೆಗೆದುಕೊಂಡಳು. ಮಗುವಿನ ಒಂದು ಫೋಟೋ ತೆಗೆಯಲೇ ಎಂದು ಅಪ್ಪನನ್ನು ಕೇಳಿದಳು. ಅವನು ಅವಸರದಿಂದ ಮಗಳ ಕೂದಲು ಸವರಿ ನೇರ ನಿಲ್ಲಿಸಿದ.

ಕೆಲವು ದಿನಗಳಲ್ಲಿ ಎರಡೂ ಪೇಜಿನಲ್ಲಿ ಬಂದವು. ಅವನ ನಡಿಗೆಯ ಕೆಳಗೆ ‘ಕಾಲು ಪಡೆದವನು’ ಎಂದೂ, ಮಗುವಿನ ಫೋಟೋದ ಕೆಳಗೆ ‘ಕಾಯುತ್ತಿರುವ ಕಂದ’ ಎಂದೂ ಬರೆದಿತ್ತು. ಸಾವಿರಾರು ಜನ ಕೈಮುಗಿದರು. ಮುಂದಿನ ಶಿಬಿರ ಬೇರೊಂದು ಊರಿನಲ್ಲಿ ನಡೆಯಿತು. ಅದು ಅವನಿಗೆ ತಿಳಿದದ್ದು ಮುಗಿಯುವ ದಿನ, ಅದೂ ಪೇಜ್ ನೋಡಿ. ತಕ್ಷಣ ಬೇಕರಿಯವನಿಗೆ ಫೋನ್ ಮಾಡಿದ. ಅವನು ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿ ಹೋದರೆ, ಅಲ್ಲಿ ಆಗಲೇ ಶಾಮಿಯಾನ ಬಿಚ್ಚುತ್ತಿದ್ದರಂತೆ.

ಕತ್ತರಿಯಣ್ಣ ಸಂಸ್ಥೆಗೆ ಫೋನ್ ಮಾಡಿ ಪ್ರಚಾರದ ಹುಡುಗಿಯನ್ನು ಬೈಯಲು ಹೊರಟ. ಅವಳು ಕೆಲಸ ಬಿಟ್ಟಿದ್ದಳು. ಅವಳ ಜಾಗಕ್ಕೆ ಬಂದ ಹುಡುಗ ವಿನಯದಿಂದಲೇ ಎಲ್ಲ ಕೇಳಿಸಿಕೊಂಡು, “ಸರ್, ಇದನ್ನೆಲ್ಲ ಪೇಜಿಗೆ ಬರೆದು ಹಾಕಿ” ಎಂದ.

ಬೇಕರಿಯವನು ಒಂದು ಮಾತೂ ಬೈಯಲಿಲ್ಲ. “ನೀವೇನ್ ಮಾಡ್ತೀರಿ ಅಣ್ಣ, ನಿಮ್ಮ ಕೈಲಾದ್ದು ಮಾಡಿದ್ರಿ” ಎಂದ. ಬೈದಿದ್ದರೆ ಚೆನ್ನಾಗಿತ್ತು ಎಂದು ಕತ್ತರಿಯಣ್ಣನಿಗೆ ಅನಿಸಿತು.

“ಆ ನಂಬರ್ ಬದಲಾಯಿಸಿ ಅಂದ್ರೆ ಕೇಳಲ್ವಲ್ಲ” ಎಂದು ಹೆಂಡತಿ ರೇಗಿದಳು.

“ಬದಲಾಯಿಸಿದ್ರೆ ಅವರು ಯಾರನ್ನ ಕೇಳ್ತಾರೆ?”

“ಈಗ ಕೇಳಿ ಏನು ಸಿಕ್ತು?”

ಈಗ ಕತ್ತರಿಯಣ್ಣ ಎತ್ತರದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಾನೆ. ಕೃತಕ ಕಾಲು ಕನ್ನಡಿಯ ಕೆಳಗೆ ಒರಗಿರುತ್ತದೆ. ಜೋಕು ಕಡಿಮೆಯಾಗಿದೆ. ಮೊನ್ನೆ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದಾಗ ಫೋನ್ ಬಂತು. ಪರಿಚಯವಿಲ್ಲದ ನಂಬರ್. ಬಿಟ್ಟುಬಿಡೋಣವೆಂದುಕೊಂಡವನು, ಅದು ಎರಡನೇ ಸಲ ಬಡಿದುಕೊಂಡಾಗ ಕೈ ಒರೆಸಿಕೊಂಡು ಎತ್ತಿಕೊಂಡ.

“ಹೌದಮ್ಮ, ವಿಡಿಯೋದಲ್ಲಿರೋನು ನಾನೇ,” ಎಂದ. “ಹೇಳಿ.”